ಗಣಕದ ಕಡತಗಳಿಗೆ ಇಡುವ ಗುರುತು: ಕಡೂರು, ತರೀಕೆರೆ, ಅಜ್ಜಂಪುರಗಳ ಶಾಸನಸಾಮಗ್ರಿಯ ವಿಷಯದಲ್ಲಿ ಒಂದು ವಿಚಾರ

೧

ಹತ್ತು ಜನರ ವಸ್ತುಗಳ ನಡುವೆ ತನ್ನ ವಸ್ತುವನ್ನು ಕಂಡುಕೊಳ್ಳುವುದಕ್ಕಾಗಿ ಅದರ ಮೇಲೆ ತನ್ನದೇ ಆದ ಗುರುತೊಂದನ್ನು ಇಡುವುದು ಮನುಷ್ಯನ ಬಹು ಹಳೆಯ ಪದ್ಧತಿ. ಕುರಿಯ ಕಿವಿಗೆ ಕಚ್ಚು, ದನದ ಮೈಗೆ ಬರೆ, ಕಣದಲ್ಲಿ ರಾಶಿಯ ಮೇಲೆ ಒತ್ತುವ ಮುದ್ರೆ, ಬಟ್ಟೆಯ ಅಂಚಿಗೆ ಅಗಸನು ಇಡುವ ಗೇರಿನ ಮಸಿಯ ಚುಕ್ಕೆ, ಇವೆಲ್ಲವೂ ಒಂದೇ ಅವಶ್ಯಕತೆಯಿಂದ ಹುಟ್ಟಿದವು. ಈ ಪದ್ಧತಿ ಈಗ ಗಣಕಯಂತ್ರದ ತೆರೆಯ ಮೇಲೆಯೂ ಮುಂದುವರಿದಿದೆ. ಯಂತ್ರವು ತಾನಾಗಿ ಕೊಡುವ ಚಿತ್ರಗಳನ್ನು ತೆಗೆದು, ತಮಗೆ ಒಪ್ಪುವ ಚಿತ್ರಗಳನ್ನು ಕಡತಗಳಿಗೂ ಕಡತಕೋಶಗಳಿಗೂ ಹಚ್ಚಿಕೊಳ್ಳುವವರು ಅನೇಕರಿದ್ದಾರೆ. ಐಕಾನ್ ಎಂದು ಕರೆಯಲ್ಪಡುವ ಈ ಚಿತ್ರಗಳನ್ನು ನಾವು ಇಲ್ಲಿ ಗುರುತುಗಳೆಂದೇ ಕರೆಯುತ್ತೇವೆ.

ಇದು ಮೇಲುನೋಟಕ್ಕೆ ಇತಿಹಾಸಕಾರನು ಚಿಂತಿಸಬೇಕಾದ ವಿಷಯವೆಂದು ತೋರದು. ನಮಗೂ ಮೊದಲು ಹಾಗೆಯೇ ತೋರಿತ್ತು. ಆದರೆ ನಾವೇ ಇಟ್ಟ ಗುರುತುಗಳ ದೆಸೆಯಿಂದ ನಮ್ಮ ಕೆಲಸದಲ್ಲಿ ಒಂದು ತಪ್ಪು ನುಸುಳಿ, ಅದನ್ನು ಪೂರ್ತಿಯಾಗಿ ತಿದ್ದಲು ಇಂದಿಗೂ ಸಾಧ್ಯವಾಗಿಲ್ಲ. ಆಧಾರಗಳನ್ನು ಗಣಕದಲ್ಲಿ ಕೂಡಿಡುವ ಅಧ್ಯಾಪಕರೂ ವಿದ್ಯಾರ್ಥಿಗಳೂ ಈಗ ಎಲ್ಲೆಡೆಯೂ ಇರುವುದರಿಂದ, ನಡೆದುದನ್ನು ಇಲ್ಲಿ ಬರೆದಿಡುವುದು ಉಚಿತವೆಂದು ಭಾವಿಸುತ್ತೇವೆ.

೨

ನಮ್ಮ ಸಾಮಗ್ರಿ ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ತಾಲ್ಲೂಕುಗಳ ಶಾಸನಗಳಿಗೆ ಸಂಬಂಧಿಸಿದುದು. ಈ ಸೀಮೆಯ ಶಾಸನಗಳನ್ನು ಮೊದಲು ವ್ಯವಸ್ಥಿತವಾಗಿ ಪ್ರಕಟಿಸಿದವರು ಬಿ. ಎಲ್. ರೈಸ್ ಅವರು. ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಗ್ರಂಥಮಾಲೆಯ 6ನೆಯ ಸಂಪುಟ 1901ರಲ್ಲಿ ಹೊರಬಂದಿತು. ಈಗ ಚಿಕ್ಕಮಗಳೂರು ಜಿಲ್ಲೆಯೆಂದು ಕರೆಯಲ್ಪಡುವ ಪ್ರದೇಶ 1947ರವರೆಗೆ ಕಡೂರು ಜಿಲ್ಲೆ ಎನಿಸಿಕೊಂಡಿದ್ದುದರಿಂದ ಆ ಸಂಪುಟಕ್ಕೆ ಕಡೂರು ಜಿಲ್ಲೆಯ ಶಾಸನಗಳೆಂದೇ ಹೆಸರು. ಪ್ರತಿಯೊಂದು ಶಾಸನಕ್ಕೂ ತಾಲ್ಲೂಕಿನ ಹೆಸರಿನ ಸಂಕ್ಷೇಪವೂ ಒಂದು ಕ್ರಮಸಂಖ್ಯೆಯೂ ಉಂಟು. ಅಜ್ಜಂಪುರವು ಆಗ ತರೀಕೆರೆ ತಾಲ್ಲೂಕಿಗೆ ಸೇರಿದ್ದು, ಈಗ ತಾನೇ ಒಂದು ತಾಲ್ಲೂಕಾಗಿದೆ. ಆದಕಾರಣ ಅಜ್ಜಂಪುರದ ಆಸುಪಾಸಿನ ಶಾಸನವನ್ನು ಹುಡುಕುವ ವಿದ್ಯಾರ್ಥಿ ಹಳೆಯ ಸಂಪುಟದಲ್ಲಿ ತರೀಕೆರೆಯ ಭಾಗವನ್ನೇ ನೋಡಬೇಕಾಗುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಕ್ರಮಸಂಖ್ಯೆಗಳೂ ಬದಲಾಗಿವೆ. ಊರು ಇದ್ದಲ್ಲೇ ಇದ್ದು, ಕಲ್ಲು ನಿಂತಲ್ಲೇ ನಿಂತು, ಅದರ ಮೇಲಿನ ನಮ್ಮ ಗುರುತು ಮಾತ್ರ ಮೂರು ಬಾರಿ ಬೇರೆಯಾಗುವುದು ಹೀಗೆ.

ಇಂಥ ಸಾಮಗ್ರಿಯನ್ನು ಗಣಕದಲ್ಲಿ ಜೋಡಿಸುವಾಗ ಒದಗಿದ ಮೊದಲ ತೊಡಕು ಹೆಸರಿನದು. ಯೂನಿಕೋಡ್ ಪದ್ಧತಿ ರೂಢಿಗೆ ಬರುವ ಮುನ್ನ 'ನುಡಿ', 'ಬರಹ' ಮೊದಲಾದ ತಂತ್ರಾಂಶಗಳಿಂದ ಪುಟದೊಳಗೆ ಕನ್ನಡವನ್ನು ಬೆರಳಚ್ಚು ಮಾಡಬಹುದಾಗಿತ್ತು. ಆದರೆ ಆ ಕನ್ನಡವು ಅದಕ್ಕೆಂದೇ ಮಾಡಿದ ಫಾಂಟಿನ ಬಲದಿಂದ ಮಾತ್ರ ಕಾಣುತ್ತಿತ್ತು. ಅದನ್ನೇ ಕಡತದ ಹೆಸರಾಗಿ ಇಟ್ಟರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಮೂಡುತ್ತಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ವ್ಯವಸ್ಥೆಯಲ್ಲಿ 'ತುಂಗ' ಎಂಬ ಕನ್ನಡ ಫಾಂಟು ಸೇರಿದ ಮೇಲೆ ಕಡತದ ಹೆಸರನ್ನೂ ಕನ್ನಡದಲ್ಲಿ ಬರೆಯುವುದು ಸಾಧ್ಯವಾಯಿತು. ಸಾಧ್ಯವಾದುದೆಲ್ಲ ಕೂಡಲೇ ರೂಢಿಯಾಗುವುದಿಲ್ಲವಷ್ಟೆ. ನಮ್ಮ ಹಳೆಯ ಕಡತಕೋಶಗಳಿಗೆ ಒಂದು, ಎರಡು, ಮೂರು ಎಂಬ ಅಂಕೆಗಳೇ ಹೆಸರಾಗಿದ್ದವು. ತೆರೆಯ ಮೇಲೆ ಎಲ್ಲವೂ ಒಂದೇ ಹಳದಿ ಬಣ್ಣದವು. ಇಂಥದು ಯಾವ ಊರಿನದು ಎಂದು ತಿಳಿಯಲು ಒಂದೊಂದನ್ನೂ ತೆರೆದು ನೋಡಬೇಕಾಗುತ್ತಿತ್ತು.

ಈ ತೊಂದರೆಗೆ ಪರಿಹಾರವೆಂದು ನಾವು ಗುರುತುಗಳನ್ನು ಬದಲಿಸಿದೆವು. ಕಡೂರಿನ ಕೋಶಕ್ಕೆ ಒಂದು ಕಂಬದ ಚಿತ್ರ, ತರೀಕೆರೆಯದಕ್ಕೆ ಅಮೃತಾಪುರದ ದೇವಾಲಯದ ಚಿತ್ರ, ಅಜ್ಜಂಪುರದ್ದಕ್ಕೆ ಅಮೃತಮಹಲ್ ತಳಿಯ ನೀಳ ಕೊಂಬಿನ ಎತ್ತಿನ ಚಿತ್ರ. ಇಷ್ಟಕ್ಕೇ ನಿಲ್ಲದೆ, ಒಳಗಿನ ಉಪಕೋಶಗಳಿಗೆ ಎರಡು ಬಣ್ಣಗಳನ್ನು ಗೊತ್ತುಮಾಡಿದೆವು. ಕಲ್ಲಿನ ಎದುರು ನಿಂತು ಅಕ್ಷರಶಃ ಹೋಲಿಸಿ ನೋಡಿದ ಪಾಠಕ್ಕೆ ಹಸಿರು, ಅಚ್ಚಾದ ಸಂಪುಟದಿಂದ ನಕಲು ಮಾಡಿಕೊಂಡು ಇನ್ನೂ ಕಲ್ಲಿನೊಡನೆ ಹೋಲಿಸದ ಪಾಠಕ್ಕೆ ಕೆಂಪು. ಈ ವ್ಯವಸ್ಥೆ ನಮಗೆ ಬಹಳ ಹಿಡಿಸಿತು. ಒಮ್ಮೆ ಕಣ್ಣಾಡಿಸಿದರೆ ಎಷ್ಟು ಕೆಲಸ ಮುಗಿದಿದೆ, ಎಷ್ಟು ಉಳಿದಿದೆ ಎಂಬುದು ತಿಳಿಯುತ್ತಿತ್ತು.

೩

ಮುಂದೆ ನಡೆದುದನ್ನು ಹೇಳುವ ಮುನ್ನ ಈ ಗುರುತುಗಳು ಹುಟ್ಟಿದ ಬಗೆಯನ್ನೂ ಅವು ಇರುವ ಸ್ಥಳವನ್ನೂ ಸಂಕ್ಷೇಪವಾಗಿ ತಿಳಿಸುವುದು ಅಗತ್ಯ.

ಐಕಾನ್ ಎಂಬ ಮಾತು ಪ್ರತಿಮೆ ಎಂಬ ಅರ್ಥದ ಗ್ರೀಕ್ ಪದದಿಂದ ಬಂದುದು. ಪೂರ್ವ ಯೂರೋಪಿನ ಕ್ರೈಸ್ತ ದೇವಾಲಯಗಳಲ್ಲಿ ಸಂತರ ಚಿತ್ರಗಳಿಗೆ ಆ ಹೆಸರಿತ್ತು. ಅದನ್ನು ಗಣಕಶಾಸ್ತ್ರಕ್ಕೆ ತಂದವರು ಡೇವಿಡ್ ಕ್ಯಾನ್‌ಫೀಲ್ಡ್ ಸ್ಮಿತ್ ಎಂಬವರು, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯಕ್ಕೆ 1975ರಲ್ಲಿ ಸಲ್ಲಿಸಿದ ಪ್ರಬಂಧದಲ್ಲಿ. ಅವರೂ ಸೇರಿ ರೂಪಿಸಿದ 'ಸ್ಟಾರ್' ಎಂಬ ಯಂತ್ರವನ್ನು ಝೆರಾಕ್ಸ್ ಸಂಸ್ಥೆ 1981ರಲ್ಲಿ ಮಾರಾಟಕ್ಕೆ ತಂದಿತು. ಕಚೇರಿಯ ಮೇಜಿನ ಮೇಲಿರುವ ಕಾಗದ, ರಟ್ಟಿನ ಹೊದಿಕೆ, ಟಪಾಲಿನ ತಟ್ಟೆ ಮುಂತಾದವುಗಳ ಚಿತ್ರಗಳೇ ಅದರ ತೆರೆಯ ಮೇಲಿದ್ದವು. 1984ರ ಮ್ಯಾಕಿಂಟಾಷ್ ಯಂತ್ರಕ್ಕೆ ಸೂಸನ್ ಕೇರ್ ಎಂಬ ಕಲಾವಿದೆ ಉದ್ದಕ್ಕೆ 32, ಅಡ್ಡಕ್ಕೆ 32 ಮನೆಗಳ ಚೌಕದಲ್ಲಿ, ಅಂದರೆ 1024 ಚುಕ್ಕೆಗಳೊಳಗೆ, ಕಪ್ಪುಬಿಳುಪಿನ ಗುರುತುಗಳನ್ನು ಬರೆದುಕೊಟ್ಟರು. ನಮ್ಮ ಹೆಣ್ಣುಮಕ್ಕಳು ಚುಕ್ಕೆಗಳನ್ನಿಟ್ಟು ಹಾಕುವ ರಂಗವಲ್ಲಿಯನ್ನು ಬಲ್ಲವರಿಗೆ ಈ ಕೌಶಲ ಅಪರಿಚಿತವೆನಿಸದು. ಅದೇ ಯಂತ್ರದ 1991ರ 'ಸಿಸ್ಟಮ್ 7' ವ್ಯವಸ್ಥೆಯಲ್ಲಿ, ಕಡತದ ವಿವರಗಳ ಕಿಟಕಿಯಲ್ಲಿ ಕಾಣುವ ಚಿತ್ರದ ಮೇಲೆ ತನ್ನ ಚಿತ್ರವನ್ನು ಅಂಟಿಸುವ ಸೌಕರ್ಯ ಬಳಕೆದಾರನಿಗೆ ದೊರೆಯಿತು.

ಇಂದು ವಿಂಡೋಸ್ ವ್ಯವಸ್ಥೆಯಲ್ಲಿ ಕಡತಕೋಶದ ಗುಣಲಕ್ಷಣಗಳ ಕಿಟಕಿಯನ್ನು ತೆರೆದು, 'ಕಸ್ಟಮೈಸ್' ಎಂಬ ಭಾಗಕ್ಕೆ ಹೋಗಿ ಗುರುತನ್ನು ಬದಲಿಸಬಹುದು. ಚಿತ್ರವು ಐಸಿಓ ಎಂಬ ವಿಶೇಷ ರೂಪದಲ್ಲಿರಬೇಕು. ಆದರೆ ಬಿಡಿ ಕಡತಕ್ಕೆ ಈ ಸ್ವಾತಂತ್ರ್ಯವಿಲ್ಲ. ಅದರ ಗುರುತು ಅದರ ಜಾತಿಯನ್ನು ಅನುಸರಿಸುವುದು, ಎಂದರೆ ಒಂದು ಬಗೆಯ ಕಡತಗಳಿಗೆಲ್ಲ ಒಂದೇ ಗುರುತು. ತಂತ್ರಾಂಶದ ಗುರುತನ್ನು ಬದಲಿಸಬೇಕೆಂದರೂ ಅದರತ್ತ ಕೈತೋರುವ ಶಾರ್ಟ್‌ಕಟ್ಟಿನ ಗುರುತನ್ನು ಬದಲಿಸಬಹುದೇ ಹೊರತು ಮೂಲದ್ದನ್ನಲ್ಲ.

ಮುಖ್ಯವಾದ ಮಾತು ಇನ್ನೊಂದಿದೆ. ನಾವು ಬದಲಿಸಿದ ಗುರುತು ಕಡತಕೋಶದ ಮೈಮೇಲೆ ಬರೆದಂತೆ ಕಂಡರೂ ಅದು ಹಾಗೆ ಬರೆದುದಲ್ಲ. ವಿಂಡೋಸ್ ವ್ಯವಸ್ಥೆಯು ಕೋಶದೊಳಗೆ 'ಡೆಸ್ಕ್‌ಟಾಪ್ ಡಾಟ್ ಐಎನ್ಐ' ಎಂಬ, ಸಾಮಾನ್ಯವಾಗಿ ಕಣ್ಣಿಗೆ ಬೀಳದ ಒಂದು ಚಿಕ್ಕ ಕಡತವನ್ನು ಇಡುತ್ತದೆ. ಇಂಥ ಚಿತ್ರ ಇಂಥಲ್ಲಿದೆ ಎಂಬ ವಿಳಾಸ ಅದರಲ್ಲಿರುತ್ತದೆ. ಲಿನಕ್ಸಿನ ಗ್ನೋಮ್ ವ್ಯವಸ್ಥೆಯಲ್ಲಿ ಗುರುತಿನ ನೆನಪು ಕೋಶದೊಳಗೂ ಇರದೆ, ಅದನ್ನು ಇಟ್ಟ ಬಳಕೆದಾರನ ಖಾತೆಯಲ್ಲಿ ಉಳಿಯುತ್ತದೆ. ಅದೇ ಯಂತ್ರದ ಮುಂದೆ ಬೇರೊಬ್ಬರು ತಮ್ಮ ಹೆಸರಿನಿಂದ ಕುಳಿತರೆ ಅವರಿಗೆ ಆ ಗುರುತು ಕಾಣುವುದಿಲ್ಲ. ಗುರುತು ವಸ್ತುವಿನದಾಗಿರದೆ ವಸ್ತುವನ್ನು ನೋಡುವವನ ಮನೆಗೆ ಸೇರಿದ್ದೆಂಬುದು ಇದರಿಂದ ತಿಳಿಯುತ್ತದೆ. ಈ ಸಂಗತಿಯನ್ನು ಲಕ್ಷಿಸದಿದ್ದುದೇ ನಮ್ಮ ತಪ್ಪು.

೪

ಪದವಿ ತರಗತಿಯ ವಿದ್ಯಾರ್ಥಿಗಳ ಉಪಯೋಗಕ್ಕೆಂದು ನಾವು ಮೂರು ತಾಲ್ಲೂಕುಗಳ ಕೋಶಗಳನ್ನೂ ಪೆನ್‌ಡ್ರೈವಿಗೆ ಇಳಿಸಿ ಕೊಟ್ಟೆವು. ಚಿತ್ರಗಳೆಲ್ಲ ನಮ್ಮ ಯಂತ್ರದ ಬೇರೊಂದು ಸ್ಥಳದಲ್ಲಿದ್ದುವು. ವಿಳಾಸ ಮಾತ್ರ ಪ್ರಯಾಣ ಮಾಡಿತು, ಚಿತ್ರಗಳು ಹಿಂದೆಯೇ ಉಳಿದವು. ವಿದ್ಯಾರ್ಥಿಗಳ ಯಂತ್ರದಲ್ಲಿ ಕಂಬವೂ ಇಲ್ಲ, ದೇವಾಲಯವೂ ಇಲ್ಲ, ಎತ್ತೂ ಇಲ್ಲ. ಎಲ್ಲವೂ ಮತ್ತೆ ಹಳದಿ. ಊರುಗಳ ಗುರುತು ಹೋದುದರಿಂದ ಆದ ನಷ್ಟ ಅಲ್ಪ, ತೆರೆದು ನೋಡಿದರೆ ಊರು ತಿಳಿಯುತ್ತಿತ್ತು. ಆದರೆ ಹಸಿರು ಕೆಂಪುಗಳ ಭೇದವನ್ನು ನಾವು ಬಣ್ಣದಲ್ಲಲ್ಲದೆ ಬೇರೆಲ್ಲಿಯೂ ಬರೆದಿರಲಿಲ್ಲ.

ವಿದ್ಯಾರ್ಥಿಯೊಬ್ಬನು ಒಂದು ದಾನಶಾಸನದಲ್ಲಿ ಬರುವ ಭೂಮಿಯ ಎಲ್ಲೆಗಳನ್ನು ಆಧರಿಸಿ ಪ್ರಬಂಧವನ್ನು ಸಿದ್ಧಪಡಿಸಿ ವಿಚಾರಗೋಷ್ಠಿಯಲ್ಲಿ ಓದಿದನು. ಪ್ರಬಂಧ ಶ್ರಮದಿಂದ ಬರೆದುದಾಗಿತ್ತು. ಆದರೆ ಅವನು ನೆಚ್ಚಿದ ಪಾಠ ನಮ್ಮ ಕೆಂಪು ಗುಂಪಿನದು, ಅದರಲ್ಲಿಯೂ ಎಲ್ಲೆಗಳನ್ನು ಹೇಳುವ ಸಾಲಿನಲ್ಲಿ ಅಕ್ಷರಗಳು ಸಂದಿಗ್ಧವಾಗಿದ್ದುವು. 'ನೀವು ಕಲ್ಲಿನೊಡನೆ ಹೋಲಿಸಿ ನೋಡಿದ ಪಾಠವೆಂದೇ ತಿಳಿದೆ, ಸಾರ್' ಎಂದು ಅವನು ಹೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಹಾಗಲ್ಲವೆಂದು ಅವನಿಗೆ ತಿಳಿಸುವ ಒಂದು ಅಕ್ಷರವನ್ನಾದರೂ ನಾವು ಕೊಟ್ಟಿರಲಿಲ್ಲ. ತಪ್ಪು ಅವನದಲ್ಲ, ನಮ್ಮದು.

ದುರದೃಷ್ಟವಶಾತ್ ಅಷ್ಟರಲ್ಲಿ ನಮ್ಮ ಯಂತ್ರವನ್ನೂ ಬದಲಿಸಿ ಆಗಿತ್ತು. ಹಳೆಯದರಿಂದ ಹೊಸದಕ್ಕೆ ಕೋಶಗಳನ್ನು ಸಾಗಿಸುವಾಗ ಚಿತ್ರಗಳಿದ್ದ ಸ್ಥಳವನ್ನು ಬಿಟ್ಟುಬಿಟ್ಟಿದ್ದೆವು. ಯಾವುದು ಹಸಿರು, ಯಾವುದು ಕೆಂಪು ಎಂಬುದು ನಮಗೇ ತಿಳಿಯದಾಯಿತು. ಕ್ಷೇತ್ರಕಾರ್ಯದ ಹಳೆಯ ಟಿಪ್ಪಣಿ ಪುಸ್ತಕಗಳನ್ನು ತೆಗೆದು, ಶಾಯಿಯಲ್ಲಿ ಬರೆದ ದಿನಾಂಕಗಳ ಸಹಾಯದಿಂದ ಬಹುಪಾಲನ್ನು ಮತ್ತೆ ಗೊತ್ತುಮಾಡಿದೆವು. ಪುಸ್ತಕವು ಮೌನವಾಗಿದ್ದ ಕಡೆ ಮತ್ತೆ ಹಳ್ಳಿಗಳಿಗೆ ಹೋದೆವು. ಮೇಲೆ ಹೇಳಿದ ದಾನಶಾಸನದ ಕಲ್ಲಿಗೆ, ಗುಡಿಯ ಜೀರ್ಣೋದ್ಧಾರದ ಕಾಲದಲ್ಲಿ, ಭಕ್ತಿಯಿಂದಲೇ ದಪ್ಪನಾಗಿ ಬಣ್ಣ ಬಳಿದಿದ್ದರು. ಎಲ್ಲೆಗಳ ಸಾಲು ಓದಲು ಬರುವಂತಿಲ್ಲ. ನಾವು ಹಿಂದೆ ಅದನ್ನು ಕಂಡೂ ಓದದೆ ಬಂದಿದ್ದೆವೋ, ಕಾಣದೆಯೇ ನಕಲು ಮಾಡಿಕೊಂಡಿದ್ದೆವೋ ಎಂಬುದನ್ನು ಸಹ ಈಗ ಹೇಳಲಾರೆವು. ಆ ಪಾಠದ ಎದುರು 'ಪರಿಶೀಲಿತವಲ್ಲ' ಎಂದು ಬರೆದು ಸುಮ್ಮನಾಗಬೇಕಾಯಿತು.

೫

ಈ ಪ್ರಸಂಗದ ಬಳಿಕ ನಾವು ಓದುತ್ತಿದ್ದ ಕಲ್ಲುಗಳನ್ನೇ ಬೇರೆ ದೃಷ್ಟಿಯಿಂದ ನೋಡುವಂತಾಯಿತು. ಗುರುತಿನ ವಿಷಯದಲ್ಲಿ ಅವುಗಳ ನಡೆ ನಮ್ಮದಕ್ಕಿಂತ ವಿವೇಕಯುತವಾದುದು.

ದಾನಶಾಸನದ ಕಲ್ಲಿನ ಶಿರೋಭಾಗದಲ್ಲಿ ಸೂರ್ಯಚಂದ್ರರನ್ನೂ, ಶಿವಾಲಯಕ್ಕೆ ಬಿಟ್ಟುದಾದರೆ ಲಿಂಗ, ನಂದಿ, ಹಸುಕರುಗಳನ್ನೂ, ಬಸದಿಗೆ ಬಿಟ್ಟುದಾದರೆ ಮುಕ್ಕೊಡೆಯ ಕೆಳಗೆ ಕುಳಿತ ಜಿನನನ್ನೂ ಬಿಡಿಸುವುದು ವಾಡಿಕೆ. ಸೂರ್ಯಚಂದ್ರರಿರುವವರೆಗೆ ದಾನ ನಡೆಯಲಿ ಎಂಬುದು ಅದರ ಆಶಯ. ಓದು ಬಾರದ ಒಕ್ಕಲಿಗನೂ ದೂರದಿಂದಲೇ ಇದು ದೇವರ ಭೂಮಿ, ಇದು ಯಾವ ದೇವರಿಗೆ ಸೇರಿದ್ದು ಎಂಬುದನ್ನು ತಿಳಿಯಬಲ್ಲನು. ದಾನ ಪಡೆಯುವವರಿಗೆ ತಕ್ಕಂತೆ ಗುರುತನ್ನು ಬದಲಿಸುವ ಈ ಕ್ರಮ, ಗಣಕದ ಬಳಕೆದಾರನು ಇಂದು ಮಾಡುವುದಕ್ಕೆ ತೀರ ದೂರವಾದುದಲ್ಲ. ಆದರೆ ಶಾಸನವನ್ನು ಬರೆಸಿದವರು ಅಷ್ಟಕ್ಕೆ ತೃಪ್ತರಾಗಲಿಲ್ಲ. ಕೊಟ್ಟವನಾರು, ಪಡೆದವನಾರು, ಯಾವ ಶಕವರ್ಷ, ಎಷ್ಟು ಭೂಮಿ, ಅದರ ಎಲ್ಲೆ ಯಾವುದು, ಇವನ್ನೆಲ್ಲ ಚಿತ್ರದ ಕೆಳಗೆ ಮಾತಿನಲ್ಲಿ ಬರೆಸಿದರು. ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ದೇವಾಲಯವು ಶಿಲ್ಪಕ್ಕೆ ಎಷ್ಟು ಪ್ರಸಿದ್ಧವೋ, 'ಯಶೋಧರ ಚರಿತೆ'ಯ ಕವಿ ಜನ್ನನು ರಚಿಸಿದ ಶಾಸನಕ್ಕೂ ಅಷ್ಟೇ ಪ್ರಸಿದ್ಧ. ಅಷ್ಟು ಶಿಲ್ಪಸಂಪತ್ತು ಇದ್ದಲ್ಲಿಯೂ ಮಾತು ಬೇಕೆನಿಸಿತೆಂಬುದನ್ನು ನಾವು ಗಮನಿಸಬೇಕು.

ಇದಕ್ಕೆ ವಿರುದ್ಧವಾದ ನಿದರ್ಶನವೂ ಈ ಸೀಮೆಯಲ್ಲಿಯೇ ಇದೆ. ಹಳ್ಳಿಗಳ ಅಂಚಿನಲ್ಲಿ ಬರಹವಿಲ್ಲದ ವೀರಗಲ್ಲುಗಳು ನಿಂತಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಣದರಲ್ಲಿ ವೀರನನ್ನು ಒಯ್ಯುವ ದೇವಕನ್ಯೆಯರು, ಮೇಲೆ ಕೈಲಾಸ. ಚಿತ್ರವು ತಾನು ಹೇಳಬಲ್ಲುದನ್ನೆಲ್ಲ ಹೇಳಿದೆ. ಆದರೂ ಸತ್ತವನಾರು, ಯಾವ ಊರಿನ ದನಗಳಿಗಾಗಿ, ಯಾರ ಕಾಲದಲ್ಲಿ ಎಂಬುದು ಮರೆತುಹೋಗಿದೆ. ಅದನ್ನು ನಿಲ್ಲಿಸಿದ ದಿನ ಊರಿಗೆಲ್ಲ ಅವನ ಹೆಸರು ಗೊತ್ತಿದ್ದುದರಿಂದ ಬರೆಸುವ ಅಗತ್ಯ ಕಂಡಿರಲಾರದು. ನಮ್ಮ ಹಸಿರು ಕೆಂಪುಗಳ ಅರ್ಥವೂ ನಮಗೆ ಗೊತ್ತೇ ಇತ್ತು! ಇದರೊಡನೆ ಕಡೂರಿನ ಕಂಬದ ಮೇಲಿರುವ 971ರ ಶಾಸನವನ್ನು ಹೋಲಿಸಬೇಕು. ಗಂಗ ಬೂತುಗನ ಅಕ್ಕ ಪಾಂಬಬ್ಬೆಯು ತಲೆಯ ಕೂದಲನ್ನು ಕಿತ್ತು ದೀಕ್ಷೆಗೊಂಡು, ಮೂವತ್ತು ವರ್ಷ ತಪಸ್ಸಿನಲ್ಲಿದ್ದು ಮುಡಿಪಿದಳೆಂದು ಅದು ತಿಳಿಸುತ್ತದೆ. ಒಂದು ಸಾವಿರ ವರ್ಷಗಳಿಗೂ ಮೀರಿ ಆ ಹೆಣ್ಣುಮಗಳ ಬಾಳಿಗೆ ಸಾಕ್ಷಿಯಾಗಿ ಉಳಿದಿರುವುದು ಆ ಕೆಲವು ಅಕ್ಷರಗಳೇ.

ಅಜ್ಜಂಪುರದ ಎತ್ತೂ ಇನ್ನೊಂದು ಪಾಠವನ್ನು ಹೇಳುತ್ತದೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಗೋವುಗಳ ಇಲಾಖೆಗೆ 'ಬೆಣ್ಣೆ ಚಾವಡಿ' ಎಂದು ಹೆಸರಿತ್ತು. ಟಿಪ್ಪುಸುಲ್ತಾನನು ಅದನ್ನು 'ಅಮೃತಮಹಲ್' ಎಂದು ಬದಲಿಸಿದನು. ಕಾವಲುಗಳು ಅವೇ, ದನಗಳ ತಳಿ ಅದೇ. ತಳಿಸಂವರ್ಧನೆಯ ಕೆಲಸ ಅಜ್ಜಂಪುರದ ಕೇಂದ್ರದಲ್ಲಿ ನಡೆದುಬಂದಿದೆ. ಹೊಸ ಹೆಸರನ್ನಷ್ಟೇ ಬಲ್ಲ ವಿದ್ಯಾರ್ಥಿ 17ನೆಯ ಶತಮಾನದ ಆಧಾರಗಳಲ್ಲಿ ಅಮೃತಮಹಲನ್ನು ಹುಡುಕಿದರೆ ಅವನಿಗೆ ಏನೂ ಸಿಕ್ಕದು. ಎರಡು ಹೆಸರುಗಳೂ ಒಂದೇ ವಸ್ತುವಿನವೆಂದು ಯಾರೋ ಒಬ್ಬರು ಬರೆದಿಟ್ಟಿರುವುದರಿಂದಲೇ ಆ ಚರಿತ್ರೆ ತುಂಡಾಗದೆ ಉಳಿದಿದೆ. ಗುರುತನ್ನು ಬದಲಿಸುವುದು ದೋಷವಲ್ಲ. ಬದಲಿಸಿದೆವೆಂಬುದನ್ನು ಬರೆದಿಡದಿರುವುದು ದೋಷ.

ಇಲ್ಲಿ 'ಕಡತ' ಎಂಬ ಮಾತನ್ನೂ ನೆನೆಯಬಹುದು. ಇಂದು ಸರಕಾರಿ ಕಚೇರಿಯ ಫೈಲಿಗೂ ಗಣಕದ ಫೈಲಿಗೂ ಸಲ್ಲುವ ಈ ಪದವು ಮೂಲತಃ ಹುಣಸೆಬೀಜದ ಅಂಟನ್ನೂ ಇದ್ದಿಲನ್ನೂ ಬಳಿದು ಕಪ್ಪಾಗಿಸಿ, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಬಟ್ಟೆಯ ಪುಸ್ತಕಕ್ಕೆ ಸಲ್ಲುತ್ತಿತ್ತು. ಇದೇ ಜಿಲ್ಲೆಯ ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಸುಪರಿಚಿತವಾದವು. ಹೊರಗಿನಿಂದ ಎಲ್ಲ ಕಡತಗಳೂ ಒಂದೇ ಕಪ್ಪು, ಗಣಕದಲ್ಲಿ ಎಲ್ಲವೂ ಒಂದೇ ಹಳದಿ. ಅವು ಇಂದು ಉಪಯೋಗಕ್ಕೆ ಬರುವುದು ಒಳಗಿನ ಬರಹದ ದೆಸೆಯಿಂದ.

೬

ಇಷ್ಟರಿಂದ ಗುರುತುಗಳನ್ನು ಬದಲಿಸಲೇಬಾರದೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿದರೆ ಕಲ್ಲಿನ ಮೇಲೆ ಸೂರ್ಯಚಂದ್ರರೂ ಬೇಡವೆಂದಂತಾಗುತ್ತದೆ. ಅನ್ಯದೇಶದ ಕಚೇರಿಯ ರಟ್ಟಿನ ಹೊದಿಕೆಯ ಚಿತ್ರಕ್ಕಿಂತ, ತನ್ನ ಊರಿನ ಎತ್ತಿನ ಚಿತ್ರ ವಿದ್ಯಾರ್ಥಿಯ ಕಣ್ಣನ್ನು ಬೇಗ ಸೆಳೆಯುತ್ತದೆ, ಕೆಲಸವೂ ಹಗುರಾಗುತ್ತದೆ. ಆದರೆ ಚಿತ್ರವು ದಾರಿಯನ್ನು ತೋರಿಸಬೇಕೇ ಹೊರತು ಸಾಕ್ಷಿಯನ್ನು ಹೇಳುವ ಹೊಣೆಯನ್ನು ಅದರ ಮೇಲೆ ಹೊರಿಸಬಾರದು. ಈ ತತ್ತ್ವವನ್ನು ಅನುಸರಿಸಿ ನಾವು ಈಗ ಕೆಲವು ಕ್ರಮಗಳನ್ನು ಕೈಗೊಂಡಿದ್ದೇವೆ.

ಮೊದಲನೆಯದಾಗಿ, ಪ್ರತಿಯೊಂದು ಕೋಶದ ಹೆಸರಿನಲ್ಲಿಯೇ ಊರು, ಹಳೆಯ ಸಂಪುಟದ ಸಂಖ್ಯೆ, 'ಪರಿಶೀಲಿತ' ಅಥವಾ 'ಪರಿಶೀಲಿತವಲ್ಲ' ಎಂಬ ಮಾತು, ಇವನ್ನು ಕನ್ನಡದಲ್ಲಿ ಬರೆಯುತ್ತೇವೆ. ಎರಡನೆಯದಾಗಿ, ಯಾವ ಯಂತ್ರವೂ ತೆರೆಯಬಲ್ಲ ಸರಳ ಪಠ್ಯದ ಕಡತವೊಂದನ್ನು ಪ್ರತಿ ಕೋಶದಲ್ಲಿಯೂ ಇಟ್ಟು, ಕಲ್ಲನ್ನು ನೋಡಿದ ದಿನಾಂಕವನ್ನೂ ನೋಡಿದವರ ಹೆಸರನ್ನೂ ಅದರಲ್ಲಿ ದಾಖಲಿಸುತ್ತೇವೆ. ಮೂರನೆಯದಾಗಿ, ಗುರುತಿನ ಚಿತ್ರವನ್ನು ಆಯಾ ಕೋಶದೊಳಗೇ ಇಡುತ್ತೇವೆ. ಹಾಗೆ ಇಟ್ಟರೆ ಪ್ರಯಾಣದಲ್ಲಿ ಅದು ಉಳಿದು ಬರುವ ಸಂಭವ ಹೆಚ್ಚು. ಉಳಿಯದಿದ್ದರೂ ಈಗ ಅರ್ಥಕ್ಕೆ ಹಾನಿಯಿಲ್ಲ. ನಾಲ್ಕನೆಯದಾಗಿ, ಯಾವ ಚಿತ್ರಕ್ಕೆ, ಯಾವ ಬಣ್ಣಕ್ಕೆ ಏನು ಅರ್ಥವೆಂಬ ಪಟ್ಟಿಯನ್ನು ಕಾಗದದ ಮೇಲೆ ಬರೆದು ವಿಭಾಗದ ದಾಖಲೆಯಲ್ಲಿ ಸೇರಿಸಿದ್ದೇವೆ.

ವಿಚಾರಗೋಷ್ಠಿಯಲ್ಲಿ ಪ್ರಬಂಧವನ್ನು ಓದಿದ ವಿದ್ಯಾರ್ಥಿಯೇ ಈ ಪಟ್ಟಿಯನ್ನು ಸಿದ್ಧಪಡಿಸಲು ಮುಂದೆ ಬಂದನು. ಬಣ್ಣ ಬಳಿದ ಕಲ್ಲಿನ ವಿಷಯವಾಗಿ ಆ ಊರಿನ ಹಿರಿಯರೊಡನೆ ಅವನು ಮಾತನಾಡಿದ್ದಾನೆ. ಅಕ್ಷರಗಳಿಗೆ ಪೆಟ್ಟಾಗದಂತೆ ಬಣ್ಣವನ್ನು ತೆಗೆಯುವುದು ತಜ್ಞರ ಕೆಲಸವಾದುದರಿಂದ ಅವಸರ ಮಾಡುವಂತಿಲ್ಲ. ಅಲ್ಲಿಯವರೆಗೆ ಆ ಕೋಶವು ತೆರೆಯ ಮೇಲೆ ಕೆಂಪು ಬಣ್ಣದಲ್ಲಿಯೇ ಇದೆ. ಅದರ ಕೆಳಗೆ, ಬಣ್ಣ ಅಳಿದರೂ ಉಳಿಯುವಂತೆ, 'ಪರಿಶೀಲಿತವಲ್ಲ' ಎಂಬ ಮಾತೂ ಇದೆ.